ಬಕೆಟ್ ಮುಚ್ಚಳಕ್ಕೆ ಕೈ ಹಾಕುವ ಮುನ್ನ: ಮನೆ ಬಿಯರಿನ ದೋಷ ನಿವಾರಣೆ

ರಾತ್ರಿ ಹತ್ತೂವರೆಗೆ ಗೆಳೆಯನ ಫೋನು. "ಲೋ, ನಿನ್ನೆ ಸಂಜೆ ಯೀಸ್ಟ್ ಹಾಕಿದ್ದು, ಇನ್ನೂ ಒಂದು ಗುಳ್ಳೆ ಬಂದಿಲ್ಲ ಕಣೋ. ಸತ್ತುಹೋಯ್ತಾ?" ನಾನು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ಮುಚ್ಚಳ ಎಷ್ಟು ಸಲ ತೆಗೆದೆ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಮೂರು ಸಲ. ನಾಲ್ಕಿರಬಹುದು."

ಮಿನ್ನೆಸೋಟದ ಈ ಚಳಿಯೂರಿನಲ್ಲಿ ಬೇಸ್‌ಮೆಂಟಿನಲ್ಲಿ ಬಿಯರ್ ಮಾಡುವ ಕನ್ನಡದವರು ನಾವು ನಾಲ್ಕೈದು ಮಂದಿ ಇದ್ದೇವೆ. ನಾನು ಕಂಡ ಹಾಳಾದ ಬ್ಯಾಚುಗಳಲ್ಲಿ ಯೀಸ್ಟ್ ಮಾಡಿದ ತಪ್ಪಿಗಿಂತ ನಮ್ಮ ಕೈ ಮಾಡಿದ ತಪ್ಪೇ ಹೆಚ್ಚು. ಹಾಗಂತ "ಸುಮ್ಮನೆ ಕಾಯಿರಿ, ಎಲ್ಲ ಸರಿಹೋಗುತ್ತೆ" ಅನ್ನುವುದೂ ಪೂರ್ತಿ ನಿಜವಲ್ಲ. ಕೆಲವು ದೋಷಗಳನ್ನು ಯೀಸ್ಟ್ ತಾನೇ ಹುಟ್ಟಿಸಿ ತಾನೇ ತಿಂದು ಮುಗಿಸುತ್ತದೆ, ಅವಕ್ಕೆ ಕಾಯುವುದೇ ಮದ್ದು. ಕೆಲವು ಯೀಸ್ಟಿನ ಕೈಮೀರಿದವು, ಆರು ತಿಂಗಳು ಇಟ್ಟರೂ ಹಾಗೇ ಇರುತ್ತವೆ. ಒಂದೆರಡರಲ್ಲಿ ಕಾದಷ್ಟೂ ಅಪಾಯ. ನಿಮ್ಮ ಮುಂದಿರುವುದು ಯಾವ ಜಾತಿಯದು ಎಂದು ಗುರುತಿಸುವುದಕ್ಕೇ ಈ ಕೈಪಿಡಿ.

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಫೆಡರಲ್ ಕಾನೂನು ಒಪ್ಪಿದ್ದು 1978ರಲ್ಲಿ. ವಯಸ್ಕ ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. ರಾಜ್ಯಗಳ ಕಾನೂನು ಬೇರೆ ಬೇರೆ. ಮಿಸಿಸಿಪ್ಪಿ, ಅಲಬಾಮ ಒಪ್ಪಿಕೊಂಡಿದ್ದು 2013ರಲ್ಲಿ. ಬಟ್ಟಿ ಇಳಿಸುವುದು ಬೇರೆಯೇ ವಿಷಯ, ಈ ಅನುಮತಿಯಲ್ಲಿ ಅದು ಬರುವುದಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಿನಲ್ಲಿ ಕೂತು ಇದನ್ನು ಓದುತ್ತಿರುವವರು ಓದಿ ಖುಷಿಪಡಿ, ಅಷ್ಟೇ.

ಕೆಳಗಿನ ಲೆಕ್ಕವೆಲ್ಲ ಸಾಮಾನ್ಯವಾಗಿ ಎಲ್ಲರೂ ಮಾಡುವ 19 ಲೀಟರ್ (5 ಗ್ಯಾಲನ್) ಏಲ್ ಬಿಯರಿಗೆ (ಬೆಚ್ಚಗೆ ಹುದುಗುವ ಜಾತಿ), ಶುರುವಿನ ಗ್ರ್ಯಾವಿಟಿ 1.050 ಎಂದಿಟ್ಟುಕೊಂಡು. ಗ್ರ್ಯಾವಿಟಿ ಅಂದರೆ ನೀರನ್ನು 1.000 ಎಂದು ಹಿಡಿದಾಗ ದ್ರವದ ಸಾಂದ್ರತೆ; ಸಕ್ಕರೆ ಇದ್ದಷ್ಟೂ ಹೆಚ್ಚು, ಯೀಸ್ಟ್ ಅದನ್ನು ತಿಂದಂತೆ ಇಳಿಯುತ್ತದೆ. ಬೇಕಾದ ಸಲಕರಣೆ ಎರಡೇ: ಒಂದು ಹೈಡ್ರೋಮೀಟರ್ (ಗ್ರ್ಯಾವಿಟಿ ಅಳೆಯುವ ತೇಲುಕಡ್ಡಿ), ಒಂದು ಥರ್ಮಾಮೀಟರ್. ಇವೆರಡೂ ಇಲ್ಲದಿದ್ದರೆ ನೀವು ಮಾಡುವುದು ರೋಗಪತ್ತೆಯಲ್ಲ, ಕಣಿ ಕೇಳುವುದು.

"ಏರ್‌ಲಾಕಿನಲ್ಲಿ ಗುಳ್ಳೆಯೇ ಬರುತ್ತಿಲ್ಲ"

ಏರ್‌ಲಾಕ್ ಅಂದರೆ ಮುಚ್ಚಳಕ್ಕೆ ಸಿಕ್ಕಿಸಿದ, ನೀರು ಹಾಕಿದ ಸಣ್ಣ ಕೊಳವೆ; ಒಳಗಿನ ಗ್ಯಾಸ್ ಗುಳ್ಳೆಯಾಗಿ ಹೊರಹೋಗುತ್ತದೆ, ಹೊರಗಿನ ಗಾಳಿ ಒಳಬರುವುದಿಲ್ಲ. ಯೀಸ್ಟ್ ಹಾಕಿ ಎಷ್ಟು ಗಂಟೆ ಆಯಿತು ಎಂದು ಮೊದಲು ಎಣಿಸಿ. ದಿನವಲ್ಲ, ಗಂಟೆ. "ಮೊನ್ನೆ ಹಾಕಿದ್ದು" ಅಂದವರದು ಲೆಕ್ಕ ಹಾಕಿದರೆ ಎಷ್ಟೋ ಸಲ ಮೂವತ್ತು ಗಂಟೆಯೂ ಆಗಿರುವುದಿಲ್ಲ. ಯೀಸ್ಟ್ ಹೊಸ ಜಾಗಕ್ಕೆ ಬಂದು, ಅಲ್ಲಿನ ಆಮ್ಲಜನಕ ಹೀರಿಕೊಂಡು, ಸಂಸಾರ ಬೆಳೆಸಿ ಆಮೇಲೆ ಕೆಲಸಕ್ಕೆ ಇಳಿಯುತ್ತದೆ. ಹನ್ನೆರಡು ಗಂಟೆಯಲ್ಲಿ ಶುರುವಾದರೂ ಸರಿ, ನಲವತ್ತೆಂಟರಲ್ಲಾದರೂ ಸರಿ. 72 ಗಂಟೆ ಆಗುವವರೆಗೆ "ಸತ್ತಿದೆ" ಎಂಬ ಮಾತು ಬೇಡ.

ಆಮೇಲೆ ಮುಚ್ಚಳ. ಪ್ಲಾಸ್ಟಿಕ್ ಬಕೆಟಿನ ಮುಚ್ಚಳವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಏರ್‌ಲಾಕಿನ ನೀರು ಒಂದು ಕಡೆ ಏರಿ, ಒತ್ತಿಹಿಡಿದಿರುವಷ್ಟು ಹೊತ್ತು ಅಲ್ಲೇ ನಿಂತರೆ ಮುಚ್ಚಳ ಸರಿಯಾಗಿ ಕೂತಿದೆ. ಏರಿದ್ದು ಕೂಡಲೇ ಇಳಿದರೆ ಗಾಳಿ ಎಲ್ಲೋ ಸೋರುತ್ತಿದೆ: ಮುಚ್ಚಳದ ಅಂಚಿನಲ್ಲಿ, ಇಲ್ಲವೇ ಏರ್‌ಲಾಕ್ ಸಿಕ್ಕಿಸಿದ ರಬ್ಬರಿನ ಸುತ್ತ. ಬಿಯರ್ ಚೆನ್ನಾಗಿಯೇ ಹುದುಗುತ್ತಿದೆ, ಗ್ಯಾಸ್ ಹಿತ್ತಲ ಬಾಗಿಲಿನಿಂದ ಹೋಗುತ್ತಿದೆ ಅಷ್ಟೇ. ಹುದುಗು ಜೋರಾಗಿರುವ ಆ ಮೊದಲ ದಿನಗಳಲ್ಲಿ ಇದರಿಂದ ನಷ್ಟವಿಲ್ಲ, ಬಿಟ್ಟುಬಿಡಿ.

ಮೂರನೆಯದು ಟಾರ್ಚು. ಬಕೆಟಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ದ್ರವದ ಮಟ್ಟದ ಮೇಲೆ ಕಂದು ನೊರೆಯೋ, ನೊರೆ ಒಣಗಿ ಅಂಟಿದ ಪಟ್ಟಿಯೋ ಕಂಡರೆ ಕೆಲಸ ನಡೆಯುತ್ತಿದೆ, ಇಲ್ಲವೇ ನಡೆದು ಮುಗಿದಿದೆ. ಏರ್‌ಲಾಕ್ ಏನು ಹೇಳಿತು ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಅದು ಉಸಿರಾಡಲು ಇರುವ ಕೊಳವೆ, ಅಳತೆಯ ಸಾಧನವಲ್ಲ. ಹುದುಗು ಮುಗಿದ ಬಿಯರು ಕೂಡ ಕೋಣೆ ಬಿಸಿಯಾದರೆ ಕರಗಿದ ಗ್ಯಾಸ್ ಬಿಟ್ಟು ಗುಳುಗುಳು ಅನ್ನುತ್ತದೆ. ಕೋಣೆ ತಣ್ಣಗಾದರೆ ಏರ್‌ಲಾಕಿನ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ.

ನಾಲ್ಕನೆಯದು ಬಿಸಿ. ಜನವರಿಯಲ್ಲಿ ನಮ್ಮ ಬೇಸ್‌ಮೆಂಟ್ ನೆಲ 13-14 ಡಿಗ್ರಿ ಸೆಲ್ಸಿಯಸ್. ಏಲ್ ಯೀಸ್ಟಿಗೆ ಬೇಕಾದದ್ದು 18ರಿಂದ 21. ಸಿಮೆಂಟ್ ನೆಲದಿಂದ ಎತ್ತಿ ಮಣೆ ಮೇಲಿಟ್ಟು, ಹಳೇ ಕಂಬಳಿ ಸುತ್ತಿ. ಬಹಳ ಸಲ ಇಷ್ಟೇ ಸಾಕು.

ಇಲ್ಲಿ ನಮ್ಮವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಈ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಿಸಲು ಅವನ್ ಒಳಗೆ ಲೈಟ್ ಹಾಕಿ ಇಡುವ ಅಭ್ಯಾಸ ನಮಗೆಲ್ಲ ಇದೆ. ಹಿಟ್ಟಿಗೆ 30 ಡಿಗ್ರಿ ಹಿತ. ನನ್ನ ಮೊದಲ ಬ್ಯಾಚಿನ ಬಕೆಟನ್ನೂ ಅದೇ ಬುದ್ಧಿಯಿಂದ ಹೀಟರಿನ ಬಿಸಿಗಾಳಿ ಬರುವ ಜಾಲರಿಯ ಪಕ್ಕ ಇಟ್ಟೆ. ಆರು ಗಂಟೆಯಲ್ಲಿ ಗುಳ್ಳೆ ಶುರು, ಎರಡೇ ದಿನಕ್ಕೆ ಎಲ್ಲ ಮುಗಿದಿತ್ತು, ನನಗೋ ಹಿಗ್ಗೋ ಹಿಗ್ಗು. ಕುಡಿದರೆ ಗಂಟಲು ಸುಡುವ ಪೇಂಟ್ ವಾಸನೆಯ ಪಾನಕ. ಅದರ ಕಥೆ ಮುಂದೆ ಬರುತ್ತದೆ.

72 ಗಂಟೆ ದಾಟಿ, ನೊರೆಯ ಗುರುತೂ ಇಲ್ಲ, ಬಿಸಿಯೂ ಸರಿಯಿದೆ ಅಂದಾಗ ಮಾತ್ರ ಮುಚ್ಚಳ ತೆಗೆದು, ಶುದ್ಧಮಾಡಿದ ಸೌಟಿನಿಂದ ಸ್ಯಾಂಪಲ್ ತೆಗೆದು ಗ್ರ್ಯಾವಿಟಿ ನೋಡಿ. 1.050 ಇದ್ದದ್ದು 1.040 ಆಗಿದ್ದರೆ ಮುಚ್ಚಿ, ಹೋಗಿ ಮಲಗಿ. 1.050ರಲ್ಲೇ ಇದ್ದರೆ ಈಗ ಕೈಹಾಕುವ ಹೊತ್ತು. ಹೊಸ ಡ್ರೈ ಯೀಸ್ಟ್ ಪ್ಯಾಕೆಟ್ (11 ಗ್ರಾಂ ಆಸುಪಾಸು) ತಂದು, ಕುದಿಸಿ 35 ಡಿಗ್ರಿಗೆ ಆರಿಸಿದ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ ಹಾಕಿ. ಹಳೇ ಪ್ಯಾಕೆಟ್ ಏಕೆ ಕೈಕೊಟ್ಟಿತು ಎಂದರೆ ಎರಡೇ ಕಾರಣ ಸಾಮಾನ್ಯ: ವರ್ಟ್ (ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ನೆನೆಸಿ ಕುದಿಸಿದ ಸಿಹಿ ರಸ) ಇನ್ನೂ ಬಿಸಿಯಿದ್ದಾಗಲೇ ಸುರಿದದ್ದು, ಇಲ್ಲವೇ ಅವಧಿ ಮೀರಿದ್ದು. ಮೊದಲನೆಯದು ಅವಸರ. ತಣ್ಣಗಾಗಲು ಇನ್ನೊಂದು ಅರ್ಧ ಗಂಟೆ ಕಾಯದವರು ಆಮೇಲೆ ಮೂರು ದಿನ ಕಾಯುತ್ತಾರೆ.

ಸುರಕ್ಷತೆ: ಗುಳ್ಳೆ ಜೋರಾಗಿ ಬರುತ್ತಿದ್ದದ್ದು ಥಟ್ಟನೆ ನಿಂತು, ಮುಚ್ಚಳ ಗುಮ್ಮಟದಂತೆ ಉಬ್ಬಿದ್ದರೆ ಅದು ಹುದುಗು ನಿಂತದ್ದಲ್ಲ. ನೊರೆ, ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಚೂರು ಸೇರಿ ಏರ್‌ಲಾಕ್ ಕಟ್ಟಿಕೊಂಡಿದೆ. ಇಲ್ಲಿ ಕಾಯಬೇಡಿ. ಮುಖ ದೂರವಿಟ್ಟು, ಒದ್ದೆ ಟವೆಲ್ ಹೊದಿಸಿ, ಏರ್‌ಲಾಕನ್ನು ನಿಧಾನಕ್ಕೆ ಸಡಿಲಿಸಿ. ಬಕೆಟಿನ ಬದಲು ಕಾರ್ಬಾಯ್ (ಗಾಜಿನ ದೊಡ್ಡ ಜಾಡಿ) ಆದರೆ ಕನ್ನಡಕ, ದಪ್ಪ ಕೈಗವಸು ಬೇಕೇಬೇಕು. ಆಮೇಲೆ ದಪ್ಪ ಟ್ಯೂಬ್ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿಡಿ. ಇನ್ನೊಂದು ಮಾತು: 19 ಲೀಟರ್ ಹುದುಗುವಾಗ ಸುಮಾರು 400 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗಾಳಿಯಾಡದ ಸಣ್ಣ ಕ್ಲಾಸೆಟ್ಟಿನಲ್ಲಿ ಇಡಬೇಡಿ. ಬಕೆಟಿನ ಒಳಗೆ ಮೂಗು ಹಾಕಿ ಜೋರಾಗಿ ಎಳೆದುಕೊಳ್ಳಲೂ ಬೇಡಿ.

"1.022ಕ್ಕೆ ಬಂದು ಕೂತಿದೆ, ಕೆಳಗೆ ಇಳಿಯುತ್ತಿಲ್ಲ"

ಇದು ನಿಜವಾದ ದೋಷವಾಗಿರಬಹುದು, ಬರೀ ಓದಿನ ತಪ್ಪೂ ಆಗಿರಬಹುದು. ಎರಡನೆಯದನ್ನು ಮೊದಲು ನೋಡಿ, ಅದಕ್ಕೆ ಕಾಸು ಖರ್ಚಿಲ್ಲ. ಹೈಡ್ರೋಮೀಟರನ್ನು 20 ಡಿಗ್ರಿಯ (ನಿಮ್ಮದರ ಮೇಲೆ 15.6 ಎಂದು ಬರೆದಿದ್ದರೆ ಆ ಬಿಸಿಯ) ಶುದ್ಧ ನೀರಿನಲ್ಲಿ ತೇಲಿಸಿ. 1.000 ತೋರಿಸಬೇಕು. 1.003 ತೋರಿಸಿದರೆ ಪ್ರತಿ ಸಲ 0.003 ಕಳೆಯಿರಿ. ಬಿಯರಿನಲ್ಲಿ ತೇಲಿಬಿಟ್ಟಾಗ ಕಡ್ಡಿಯನ್ನು ಬುಗುರಿಯಂತೆ ಒಮ್ಮೆ ತಿರುಗಿಸಿ. ಅಂಟಿಕೊಂಡ ಗುಳ್ಳೆಗಳು ಅದನ್ನು ಮೇಲೆತ್ತಿ ಸುಳ್ಳು ಹೇಳಿಸುತ್ತವೆ.

ರಿಫ್ರ್ಯಾಕ್ಟೋಮೀಟರಿನಲ್ಲಿ (ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಸಾಧನ) ನೋಡಿದ್ದೆ ಅಂತೀರಾ? ಹಾಗಾದರೆ ಗಾಬರಿಗೆ ಕಾರಣವೇ ಅದು. ಆಲ್ಕೋಹಾಲ್ ಸೇರಿದ ಮೇಲೆ ಅದರ ಓದು ದಾರಿ ತಪ್ಪುತ್ತದೆ. 1.050ರಿಂದ ಶುರುವಾಗಿ 1.010ಕ್ಕೆ ಮುಗಿದ ಬಿಯರನ್ನು ಅದು 1.024ರ ಹತ್ತಿರ ತೋರಿಸುತ್ತದೆ. ಈ ಒಂದು ಕಾರಣಕ್ಕೆ ಮುಗಿದ ಬಿಯರಿಗೆ ಮತ್ತೆ ಯೀಸ್ಟು, ಸಕ್ಕರೆ, ಇನ್ನೇನೇನೋ ಸುರಿದವರನ್ನು ನೋಡಿದ್ದೇನೆ. ಹುದುಗು ಶುರುವಾದ ಮೇಲೆ ಹೈಡ್ರೋಮೀಟರನ್ನೇ ನಂಬಿ.

ಓದು ಸರಿಯಿದೆ, ಮೂರು ದಿನ ಬಿಟ್ಟು ನೋಡಿದರೂ 1.022 ಅಂತಲೇ ಇದೆ. ಈಗ ಅದನ್ನು ಬಿಡಿಸಿ ನೋಡೋಣ. 50 ಪಾಯಿಂಟಿನಲ್ಲಿ (ಒಂದು ಪಾಯಿಂಟ್ ಅಂದರೆ 0.001) 28 ಮಾತ್ರ ಇಳಿದಿದೆ, ಅಂದರೆ ನೂರಕ್ಕೆ 56. ಸಾಮಾನ್ಯ ಏಲ್ ಯೀಸ್ಟ್ 70ರಿಂದ 80ರವರೆಗೆ ತಿನ್ನಬೇಕು. ಎರಡು ಸಾಧ್ಯತೆ: ಯೀಸ್ಟ್ ಹೊಟ್ಟೆ ತುಂಬುವ ಮೊದಲೇ ಮಲಗಿದೆ, ಇಲ್ಲವೇ ತಟ್ಟೆಯಲ್ಲಿ ತಿನ್ನುವಂಥದ್ದು ಏನೂ ಉಳಿದಿಲ್ಲ.

ಯಾವುದು ಎಂದು ತಿಳಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ. ಇದನ್ನು ಮಾಡುವವರು ಕಡಿಮೆ, ಏಕೋ ಗೊತ್ತಿಲ್ಲ. ಹೈಡ್ರೋಮೀಟರ್ ತೇಲುವಷ್ಟು ಬಿಯರನ್ನು (ಒಂದು ಲೋಟ ಸಾಕು) ಶುದ್ಧವಾದ ಬಾಟಲಿಗೆ ತೆಗೆದು, ಅದಕ್ಕೆ ಅರ್ಧ ಪ್ಯಾಕೆಟ್ ಹೊಸ ಯೀಸ್ಟ್ ಸುರಿಯಿರಿ. ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ 25-27 ಡಿಗ್ರಿ ಇರುವ ಕಡೆ ಇಟ್ಟು, ಹೋಗುತ್ತಾ ಬರುತ್ತಾ ಅಲ್ಲಾಡಿಸುತ್ತಿರಿ. ಇಡ್ಲಿ ಹಿಟ್ಟಿನ ಜಾಗ ಈಗ ಉಪಯೋಗಕ್ಕೆ ಬಂತು ನೋಡಿ. ಎರಡು-ಮೂರು ದಿನದ ಮೇಲೆ ಅದರ ಗ್ರ್ಯಾವಿಟಿ ನೋಡಿ, ಚೆಲ್ಲಿಬಿಡಿ. ಅದು 1.012ಕ್ಕೆ ಇಳಿದಿದ್ದರೆ ಬಕೆಟಿನ ಯೀಸ್ಟ್ ಮಲಗಿದೆ ಎಂದರ್ಥ. ಅದೂ 1.021ರಲ್ಲೇ ನಿಂತಿದ್ದರೆ ನಿಮ್ಮ ಬಿಯರ್ ಮುಗಿದಿದೆ, ಕಾದು ಫಲವಿಲ್ಲ.

ಮಲಗಿದ ಯೀಸ್ಟಿಗೆ ಮೊದಲ ಮದ್ದು ಬಿಸಿ: 20-22 ಡಿಗ್ರಿಗೆ ತನ್ನಿ. ಎರಡನೆಯದು ಎಬ್ಬಿಸುವುದು: ಬಕೆಟನ್ನು ಮೆಲ್ಲಗೆ ವೃತ್ತಾಕಾರವಾಗಿ ಆಡಿಸಿ ತಳದ ಗಸಿ ಮೇಲೇಳುವಂತೆ ಮಾಡಿ. ಕುಲುಕಬೇಡಿ, ಸೌಟು ಹಾಕಿ ಕಡೆಯಬೇಡಿ. ಈ ಹಂತದಲ್ಲಿ ಒಳಹೋದ ಗಾಳಿ ಬಿಯರನ್ನು ಹಾಳುಮಾಡುತ್ತದೆ. ನಾಲ್ಕು ದಿನ ಕೊಡಿ. ಇಷ್ಟಕ್ಕೂ ಜಗ್ಗದಿದ್ದರೆ ಹೊಸ ಯೀಸ್ಟ್. ಪ್ಯಾಕೆಟ್ ಹರಿದು ಒಣ ಯೀಸ್ಟನ್ನೇ ಸುರಿಯುವುದಲ್ಲ. ಆಲ್ಕೋಹಾಲಿನ ನಡುವೆ ಬಿದ್ದ ಒಣ ಯೀಸ್ಟಿಗೆ ಏಳಲು ತ್ರಾಣವಿರುವುದಿಲ್ಲ. ಒಂದು ಲೀಟರ್ ಸಣ್ಣ ವರ್ಟಿನಲ್ಲಿ ಹುದುಗಲು ಬಿಟ್ಟು, ನೊರೆ ಏರುತ್ತಿರುವಾಗಲೇ ಸುರಿಯಿರಿ.

ತಿನ್ನಲು ಏನೂ ಉಳಿದಿಲ್ಲ ಎಂದಾದರೆ ತಪ್ಪು ಬಿಯರ್ ಕುದಿಸಿದ ದಿನದ್ದು. ಮಾಲ್ಟ್ ನೆನೆಸಿದ ಬಿಸಿ 66 ಬದಲು 70 ದಾಟಿರಬೇಕು, ಆಗ ಯೀಸ್ಟ್ ತಿನ್ನಲಾರದ ದೊಡ್ಡ ಸಕ್ಕರೆಗಳು ಹೆಚ್ಚುತ್ತವೆ. ಥರ್ಮಾಮೀಟರನ್ನು ಐಸ್ ನೀರಿನಲ್ಲಿ ಅದ್ದಿ ನೋಡಿ, ಸೊನ್ನೆ ತೋರಿಸದಿದ್ದರೆ ಕಳ್ಳ ಸಿಕ್ಕಂತೆ. ಲ್ಯಾಕ್ಟೋಸ್ ಹಾಕಿದ್ದರೆ ಅದೂ ಹಾಗೇ ಉಳಿಯುವ ಸಕ್ಕರೆ. ಈ ಬಿಯರನ್ನು ಬಾಟಲಿಗೆ ತುಂಬಬಹುದು, ಸ್ವಲ್ಪ ಸಿಹಿ, ದಪ್ಪ ಇರುತ್ತದೆ. ಮೇಲಿನ ಪರೀಕ್ಷೆ ಮಾಡದೆ ಮಾತ್ರ ತುಂಬಬೇಡಿ.

"ಬೆಣ್ಣೆ ವಾಸನೆ", "ಹಸಿ ಸೇಬಿನ ರುಚಿ", "ಕೊಳೆತ ಮೊಟ್ಟೆ"

ಈ ಮೂರೂ ಕಾದರೆ ಹೋಗುವ ಗುಂಪಿನವು. ಷರತ್ತು ಒಂದೇ: ಬಿಯರ್ ಇನ್ನೂ ಯೀಸ್ಟಿನ ಜೊತೆಗಿರಬೇಕು.

ಹಸಿ ಸೇಬು ಕಚ್ಚಿದಂಥ, ಕುಂಬಳಕಾಯಿಯ ಒಳತಿರುಳಿನಂಥ ವಾಸನೆ ಅಸಿಟಾಲ್ಡಿಹೈಡಿನದು. ಸಕ್ಕರೆ ಆಲ್ಕೋಹಾಲ್ ಆಗುವ ದಾರಿಯಲ್ಲಿ ಕೊನೆಯ ಹಿಂದಿನ ನಿಲ್ದಾಣ ಅದು. ಅಲ್ಲಿ ಇಳಿಸಿಕೊಂಡರೆ, ಅಂದರೆ ಐದನೇ ದಿನವೇ ಬೇರೆ ಪಾತ್ರೆಗೆ ವರ್ಗಾಯಿಸಿದರೆ, ಆ ರುಚಿ ಉಳಿದುಬಿಡುತ್ತದೆ. ಇನ್ನೊಂದು ವಾರ 20 ಡಿಗ್ರಿಯಲ್ಲಿ ಯೀಸ್ಟಿನ ಮೇಲೇ ಬಿಡಿ.

ಬೆಣ್ಣೆ, ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್, ನಾಲಿಗೆಯ ಮೇಲೆ ಜಿಡ್ಡು: ಇದು ಡೈಅಸಿಟೈಲ್. ಇದರದ್ದೊಂದು ಕುತಂತ್ರವಿದೆ. ಯೀಸ್ಟ್ ಹೊರಬಿಡುವುದು ವಾಸನೆಯೇ ಇಲ್ಲದ ಒಂದು ಪೂರ್ವವಸ್ತುವನ್ನು; ಅದು ತಾನಾಗಿ ನಿಧಾನಕ್ಕೆ ಬೆಣ್ಣೆಯಾಗುತ್ತದೆ. ಹಾಗಾಗಿ ಇವತ್ತು ಬಕೆಟಿನಲ್ಲಿ ಚೆನ್ನಾಗಿದ್ದ ಬಿಯರು ಬಾಟಲಿಯಲ್ಲಿ ತಿಂಗಳ ಮೇಲೆ ಬೆಣ್ಣೆ ಮುದ್ದೆ. ಮೊದಲೇ ಹಿಡಿಯುವುದು ಸುಲಭ: ಎರಡು ಲೋಟ ಸ್ಯಾಂಪಲ್, ಎರಡಕ್ಕೂ ಫಾಯಿಲ್ ಮುಚ್ಚಿ, ಒಂದನ್ನು 60-65 ಡಿಗ್ರಿ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ಆರಿಸಿ, ಎರಡನ್ನೂ ಮೂಸಿ. ಎರಡರಲ್ಲೂ ಬೆಣ್ಣೆಯಿಲ್ಲ, ತುಂಬಿಸಬಹುದು. ಬಿಸಿ ಮಾಡಿದ್ದರಲ್ಲಿ ಮಾತ್ರ ಇದ್ದರೆ ಇನ್ನೂ ಮೂರ್ನಾಲ್ಕು ದಿನ ಬೇಕು. ಎರಡರಲ್ಲೂ ಇದ್ದರೆ ಬಕೆಟನ್ನು 20-21 ಡಿಗ್ರಿಗೆ ತಂದು ಒಂದು ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ಮೂರು ವಾರ ಕಳೆದರೂ ಬೆಣ್ಣೆ ಹೋಗದೆ ಜೊತೆಗೆ ಹುಳಿಯೂ ಏರುತ್ತಿದ್ದರೆ ಅದು ಯೀಸ್ಟಿನದಲ್ಲ, ಬ್ಯಾಕ್ಟೀರಿಯಾದ್ದು. ಚೆಲ್ಲಿ, ಟ್ಯೂಬುಗಳನ್ನು ಬದಲಿಸಿ.

ಕೊಳೆತ ಮೊಟ್ಟೆಯ ವಾಸನೆಗೆ ಹೆದರುವವರೇ ಹೆಚ್ಚು, ಹೆದರಬೇಕಾದ್ದು ಕಡಿಮೆ. ಲಾಗರ್ (ತಣ್ಣಗೆ ಹುದುಗುವ ಬಿಯರ್ ಜಾತಿ) ಯೀಸ್ಟುಗಳಿಗೆ ಅದು ಹುಟ್ಟುಗುಣ. ಗುಳ್ಳೆಗಳ ಜೊತೆ ಹೊರಟುಹೋಗುತ್ತದೆ, ಉಳಿದದ್ದು ತಣ್ಣಗೆ ಇಟ್ಟ ವಾರಗಳಲ್ಲಿ ಹೋಗುತ್ತದೆ. ಲಾಗರ್ ಎಂಬ ಹೆಸರೇ ಜರ್ಮನ್ ಭಾಷೆಯ "ಕೂಡಿಡು, ದಾಸ್ತಾನು ಮಾಡು" ಎಂಬ ಮಾತಿನಿಂದ ಬಂದದ್ದು. ಬವೇರಿಯಾದಲ್ಲಿ 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಕುದಿಸಲೇಬಾರದು ಎಂದು ಕಟ್ಟಳೆ ಮಾಡಿದರು. ಬೇಸಿಗೆಯಲ್ಲಿ ಮಾಡಿದ್ದು ಕೆಡುತ್ತಿತ್ತು. ಮಾರ್ಚಿನಲ್ಲಿ ಮಾಡಿ ತಣ್ಣನೆಯ ನೆಲಮಾಳಿಗೆಯಲ್ಲಿ ಇಟ್ಟದ್ದು ಶರತ್ಕಾಲದ ತನಕ ಬರುತ್ತಿತ್ತು. ಹದಿನೈದು ದಿನಕ್ಕೆ ಲಾಗರ್ ಕುಡಿಯಬೇಕು ಅನ್ನುವವರಿಗೆ ನಾನು ಏಲ್ ಮಾಡಿ ಅನ್ನುತ್ತೇನೆ.

ಕಾದರೂ ಹೋಗದ ರುಚಿಗಳು

ಗಂಟಲು ಸುಡುವ, ನೇಲ್ ಪಾಲಿಶ್ ರಿಮೂವರ್ ನೆನಪಿಸುವ ವಾಸನೆ. ಮರುದಿನ ತಲೆನೋವು. ನನ್ನ ಮೊದಲ ಬ್ಯಾಚಿನ ಕಥೆ ಇದೇ. ಮೊದಲ ಮೂರು ದಿನ ಬಿಸಿ ಏರಿದರೆ ಯೀಸ್ಟ್ ಮೈಮೇಲೆ ಬಂದಂತೆ ಕೆಲಸ ಮಾಡಿ ಒರಟು ಆಲ್ಕೋಹಾಲುಗಳನ್ನು ಬಿಡುತ್ತದೆ. ಕೋಣೆಯ ಥರ್ಮಾಮೀಟರ್ 22 ಅಂದರೆ ಬಕೆಟಿನೊಳಗೆ 25-26 ಇರಬಹುದು, ಹುದುಗೇ ಬಿಸಿ ಹುಟ್ಟಿಸುತ್ತದೆ. ಅಳತೆಯ ಪಟ್ಟಿಯನ್ನು ಬಕೆಟಿಗೇ ಅಂಟಿಸಿ. ಯಾರೋ "ಹಳೆಯದಾದರೆ ಸರಿಹೋಗುತ್ತೆ" ಎಂದರೆಂದು ನಾನು ಹತ್ತು ತಿಂಗಳು ಇಟ್ಟೆ. ಹತ್ತು ತಿಂಗಳ ಮೇಲೂ ಪೇಂಟ್ ವಾಸನೆಯೇ, ಸ್ವಲ್ಪ ಹಳೆಯ ಪೇಂಟ್.

ಒದ್ದೆ ರಟ್ಟಿನ ರುಚಿ, ಹೊಂಬಣ್ಣದ ಬಿಯರ್ ಕಂದಾಗುವುದು: ಗಾಳಿ ಸೇರಿದೆ. "ಏನಾಗಿದೆ ನೋಡೋಣ" ಎಂದು ದಿನಕ್ಕೊಮ್ಮೆ ತೆರೆದ ಮುಚ್ಚಳ, ಸಳಸಳ ಸದ್ದು ಮಾಡುತ್ತಾ ಸುರಿದ ವರ್ಗಾವಣೆ. ಮದ್ದಿಲ್ಲ, ಇರುವಷ್ಟನ್ನು ತಣ್ಣಗಿಟ್ಟು ಬೇಗ ಕುಡಿಯಿರಿ. ಬ್ಯಾಂಡೇಜಿನ, ಆಸ್ಪತ್ರೆಯ ವಾಸನೆ ಬಂದರೆ ನಲ್ಲಿ ನೀರಿನ ಕ್ಲೋರಿನ್ ಮೇಲೆ ಮೊದಲ ಅನುಮಾನ, ಕಾಡು ಯೀಸ್ಟಿನ ಮೇಲೆ ಎರಡನೆಯದು. ಮುಂದಿನ ಸಲ ಸುಮಾರು 75 ಲೀಟರ್ ನೀರಿಗೆ ಕ್ಲೋರಿನ್ ತೆಗೆಯುವ ಕ್ಯಾಂಪ್ಡನ್ ಮಾತ್ರೆ ಒಂದರ ಲೆಕ್ಕದಲ್ಲಿ ಪುಡಿಮಾಡಿ ಬೆರೆಸಿ.

"ಮೇಲೆ ಏನೋ ಕೆನೆ ಕಟ್ಟಿದೆ"

ಕಂದು ಬಣ್ಣದ ನೊರೆಯ ದ್ವೀಪಗಳು, ಹಸಿರು ಹಾಪ್ಸ್ ಚೂರು, ಬೆಣ್ಣೆಬಣ್ಣದ ಯೀಸ್ಟ್ ತೆಪ್ಪಗಳು: ಇವೆಲ್ಲ ಮಾಮೂಲು. ಒಣಗಿದ ಬಿಳಿ ಪೊರೆ, ಹಾಲಿನ ಕೆನೆಯಂತೆ ಸುಕ್ಕುಗಟ್ಟಿ, ನಡುವೆ ದೊಡ್ಡ ಗುಳ್ಳೆಗಳು ಸಿಕ್ಕಿಕೊಂಡಂತೆ ಕಂಡರೆ ಕಾಡು ಯೀಸ್ಟೋ ಬ್ಯಾಕ್ಟೀರಿಯಾವೋ ಮನೆಮಾಡಿದೆ. ಕೂಡಲೇ ಚೆಲ್ಲಬೇಕಿಲ್ಲ, ಪೊರೆಯ ಕೆಳಗಿನಿಂದ ಸ್ಯಾಂಪಲ್ ತೆಗೆದು ಮೂಸಿ. ಹುಳಿ ಇಷ್ಟಪಡುವವರಿಗೆ ಅದು ಬೇರೆಯೇ ಬಿಯರ್ ಆದೀತು. ಬಾಟಲಿಗೆ ಮಾತ್ರ ಅವಸರ ಮಾಡಿ ತುಂಬಬೇಡಿ, ಅವು ತಿಂಗಳುಗಟ್ಟಲೆ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಹತ್ತಿಯಂತೆ ರೋಮವಿರುವ ಹಸಿರು, ಕಪ್ಪು, ನೀಲಿ ಬೂಷ್ಟು ಕಂಡರೆ ರುಚಿಯನ್ನೂ ನೋಡದೆ ಚೆಲ್ಲಿ. ಬಕೆಟಿನ ಒಳಗೆ ಗೀರುಗಳಿದ್ದರೆ ಅದನ್ನೂ ಎಸೆಯಿರಿ. ತೊಳೆಯುವಾಗ ಬ್ಲೀಚ್ ಮತ್ತು ಆಮ್ಲದ ಸ್ಯಾನಿಟೈಸರ್ ಎಂದೂ ಬೆರೆಯಬಾರದು, ವಿಷಾನಿಲ ಬರುತ್ತದೆ.

"ಬಾಟಲಿಯಲ್ಲಿ ಗ್ಯಾಸೇ ಇಲ್ಲ"

ತುಂಬಿಸಿ ಎಷ್ಟು ದಿನ, ಎಷ್ಟು ಬಿಸಿಯಲ್ಲಿ? 20-22 ಡಿಗ್ರಿಯಲ್ಲಿ ಎರಡರಿಂದ ಮೂರು ವಾರ ಬೇಕು. ಐದು ದಿನಕ್ಕೆ ಒಂದು, ಏಳಕ್ಕೆ ಒಂದು, ಒಂಬತ್ತಕ್ಕೆ ಎರಡು ತೆಗೆದು ನೋಡಿದರೆ ಸರಿಯಾಗುವ ಹೊತ್ತಿಗೆ ಕ್ರೇಟೇ ಖಾಲಿ. ಅದಕ್ಕೊಂದು ಉಪಾಯ: ತುಂಬುವಾಗ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ತುಂಬಿ. ಅದನ್ನು ಹಿಸುಕಿ ನೋಡಿ. ಅಂಗಡಿಯ ಸೋಡಾದಂತೆ ಕಲ್ಲಾಗಿದ್ದರೆ ಉಳಿದವೂ ಆಗಿವೆ. ತೆರೆಯುವ ಮೊದಲು ಒಂದು ಪೂರ್ತಿ ದಿನ ಫ್ರಿಜ್ಜಿನಲ್ಲಿಡಿ, ಗ್ಯಾಸ್ ಕರಗಲಿ.

ಕೆಲವು ಬಾಟಲಿ ಸಪ್ಪೆ, ಕೆಲವು ಸರಿ ಎಂದರೆ ತುಂಬುವಾಗ ಗ್ಯಾಸಿಗೆಂದು ಹಾಕಿದ ಸಕ್ಕರೆ ಸರಿಯಾಗಿ ಬೆರೆತಿಲ್ಲ. ಎಲ್ಲವೂ ಸಪ್ಪೆ, ಮೂರು ವಾರವೂ ಆಯಿತು ಅಂದರೆ ಬೆಚ್ಚಗಿನ ಜಾಗಕ್ಕೆ ಸಾಗಿಸಿ, ಒಮ್ಮೆ ತಲೆಕೆಳಗು ಮಾಡಿ ಗಸಿ ಎಬ್ಬಿಸಿ, ಇನ್ನೆರಡು ವಾರ ಬಿಡಿ. ಮುಚ್ಚಳ ತೆಗೆದು ಸಕ್ಕರೆ ಉದುರಿಸುವ ಯೋಚನೆ ಬಂದರೆ ಮುಂದಿನ ಭಾಗ ಓದಿ.

"ಮುಚ್ಚಳ ತೆಗೆದರೆ ಕಾರಂಜಿ", ಅಥವಾ ಬೇಸ್‌ಮೆಂಟಿನಲ್ಲಿ ಢಂ ಎಂಬ ಸದ್ದು

ಇಲ್ಲಿ ಓದು ನಿಲ್ಲಿಸಿ, ಮಕ್ಕಳನ್ನು ಆ ಕೋಣೆಯಿಂದ ಹೊರಗೆ ಕಳಿಸಿ, ಆಮೇಲೆ ಮುಂದುವರಿಸಿ.

ನನ್ನ ಮೂರನೇ ಬ್ಯಾಚು. ದೀಪಾವಳಿಗೆ ಬರುವ ಸ್ನೇಹಿತರಿಗೆ ಕೊಡಬೇಕೆಂಬ ಆತುರ. ಗ್ರ್ಯಾವಿಟಿ 1.018 ಇತ್ತು. "ಇನ್ನೇನು ಮುಗಿದಂತೆಯೇ" ಎಂದು ಸಕ್ಕರೆ ಹಾಕಿ ತುಂಬಿದೆ. ಹನ್ನೊಂದನೇ ರಾತ್ರಿ ಮೇಲಿನ ಮಹಡಿಯಲ್ಲಿ ಮಲಗಿದ್ದವನಿಗೆ ಕೆಳಗೆ ಯಾರೋ ಟ್ಯೂಬ್‌ಲೈಟ್ ಒಡೆದಂತೆ ಕೇಳಿಸಿತು. ಬೆಳಿಗ್ಗೆ ನೋಡಿದರೆ ರಟ್ಟಿನ ಪೆಟ್ಟಿಗೆಯ ಒಂದು ಪಕ್ಕ ಇಲ್ಲ, ಮೂರು ಅಡಿ ಆಚೆಯ ಗೋಡೆಯ ಡ್ರೈವಾಲಿನಲ್ಲಿ ಉಗುರಿನಷ್ಟು ದೊಡ್ಡ ಕಂದು ಗಾಜು ನೆಟ್ಟಗೆ ಚುಚ್ಚಿಕೊಂಡಿತ್ತು. ನನ್ನ ಮೊಣಕಾಲಿನ ಎತ್ತರಕ್ಕೆ. ಆ ತೂತನ್ನು ಇವತ್ತಿಗೂ ಮುಚ್ಚಿಸಿಲ್ಲ.

ಲೆಕ್ಕ ನೋಡಿ. ಬಾಟಲಿಯೊಳಗೆ ಒಂದು ಪಾಯಿಂಟ್ (0.001) ಇಳಿದರೆ ಬಿಯರಿನ ಪ್ರತಿ ಲೀಟರಿಗೆ ಅರ್ಧ ಲೀಟರಿನಷ್ಟು ಗ್ಯಾಸ್ ಹೆಚ್ಚುತ್ತದೆ. ಸಾಮಾನ್ಯ ಬಿಯರಿಗೆ ಬೇಕಾದದ್ದು ಲೀಟರಿಗೆ ಎರಡೂವರೆ ಲೀಟರ್. ಅದಕ್ಕೆ ನಾಲ್ಕು ಪಾಯಿಂಟ್ ಹೆಚ್ಚುವರಿ ಸೇರಿದರೆ ನಾಲ್ಕೂವರೆ. ಅದು ಶಾಂಪೇನ್ ಬಾಟಲಿಯ ದಪ್ಪ ಗಾಜಿಗೆ ಒಪ್ಪುವ ಒತ್ತಡ. ನಾನು ಆರು ಪಾಯಿಂಟ್ ಬಾಕಿ ಇಟ್ಟು ತುಂಬಿದ್ದೆ.

ಈಗ ಮಾಡಬೇಕಾದದ್ದು. ಒಂದು ಬಾಟಲಿ ಒಡೆದಿದ್ದರೆ ಉಳಿದವೂ ಒಡೆಯುವ ಹಂತದಲ್ಲಿವೆ ಎಂದೇ ತಿಳಿಯಿರಿ. ಬಿಡಿಬಿಡಿಯಾಗಿ ಎತ್ತಬೇಡಿ. ದೂರದಿಂದ ದಪ್ಪ ಕಂಬಳಿ ಹೊದಿಸಿ, ಕೋಣೆಯನ್ನು ತಣ್ಣಗೆ ಮಾಡಿ. ತಣ್ಣಗಾದಷ್ಟೂ ಗ್ಯಾಸ್ ಕರಗಿ ಒತ್ತಡ ಇಳಿಯುತ್ತದೆ. ಹೆಪ್ಪುಗಟ್ಟಿಸಬೇಡಿ, ಆಗ ಐಸೇ ಬಾಟಲಿ ಒಡೆಯುತ್ತದೆ. ಸೊನ್ನೆಯ ಹತ್ತಿರ ಒಂದು ದಿನ ಇದ್ದ ಮೇಲೆ ಮುಖ ಪೂರ್ತಿ ಮುಚ್ಚುವ ಶೀಲ್ಡ್, ಚರ್ಮದ ಕೈಗವಸು, ದಪ್ಪ ಜಾಕೆಟ್ ತೊಟ್ಟು, ಬಾಟಲಿಗೆ ಟವೆಲ್ ಸುತ್ತಿ ಒಂದೊಂದಾಗಿ ಮುಚ್ಚಳ ತೆಗೆಯಿರಿ. ಬಿಯರ್ ಉಳಿಸುವ ಆಸೆ ಬೇಡ, ಮೋರಿಗೆ ಹೋಗಲಿ. ಶೀಲ್ಡ್ ಇಲ್ಲದಿದ್ದರೆ ಮುಟ್ಟಲೇಬೇಡಿ. ಗಾಜು ಕಣ್ಣಿಗೆ ತಗುಲಿದರೆ, ಆಳಕ್ಕೆ ಕುಯ್ದರೆ ಚುಚ್ಚಿಕೊಂಡ ಚೂರನ್ನು ನೀವೇ ಕೀಳಲು ಹೋಗದೆ ನೇರ ಎಮರ್ಜೆನ್ಸಿಗೆ ಹೋಗಿ.

ಅಪಾಯ ಕಳೆದ ಮೇಲೆ ಕಾರಣ ಹುಡುಕಿ. ಕಾರಂಜಿಯಾದ ಬಿಯರನ್ನು ಚೆನ್ನಾಗಿ ಕಲಕಿ ಗ್ಯಾಸ್ ತೆಗೆದು ಗ್ರ್ಯಾವಿಟಿ ನೋಡಿ. ತುಂಬಿದ ದಿನಕ್ಕಿಂತ ನಾಲ್ಕೈದು ಪಾಯಿಂಟ್ ಕೆಳಗಿದೆ, ರುಚಿ ಸರಿಯಿದೆ ಎಂದರೆ ಮುಗಿಯುವ ಮೊದಲೇ ತುಂಬಿದ್ದೀರಿ. ಗ್ರ್ಯಾವಿಟಿ ಅಷ್ಟೇ ಇದೆ ಎಂದರೆ ಸಕ್ಕರೆಯ ತೂಕ ತಪ್ಪಿದೆ. 19 ಲೀಟರಿಗೆ ಸುಮಾರು 115 ಗ್ರಾಂ ಸಾಕು, ಕಪ್ಪಿನಲ್ಲಲ್ಲ, ತಕ್ಕಡಿಯಲ್ಲಿ. ಒಂದೆರಡು ಬಾಟಲಿ ಮಾತ್ರ ಕಾರಂಜಿ, ಅವು ಹುಳಿ ಎಂದರೆ ಆ ಬಾಟಲಿಗಳು ಕೊಳಕಾಗಿದ್ದವು. ಎಲ್ಲವೂ ತಿಂಗಳು ಕಳೆದಂತೆ ಏರುತ್ತಾ, ಬಿಯರು ನೀರಾಗುತ್ತಾ, ಗ್ರ್ಯಾವಿಟಿ 1.004ರ ಕೆಳಗೆ ಹೋಗಿದ್ದರೆ ಡಯಾಸ್ಟಾಟಿಕಸ್ ಜಾತಿಯ ಯೀಸ್ಟ್ ನುಸುಳಿದೆ. ಸಾಮಾನ್ಯ ಯೀಸ್ಟ್ ಬಿಟ್ಟ ದೊಡ್ಡ ಸಕ್ಕರೆಗಳನ್ನೂ ಅದು ಮುರಿದು ತಿನ್ನುತ್ತದೆ. ಸೇಸನ್ ಎಂಬ ಬೆಲ್ಜಿಯಂ ಬಿಯರ್ ಶೈಲಿಗೆ ಬಳಸುವ ಕೆಲವು ಯೀಸ್ಟುಗಳೇ ಆ ಜಾತಿಯವು. ಅದಕ್ಕೆ ಬಳಸಿದ ಟ್ಯೂಬು, ನಲ್ಲಿಗಳನ್ನು ಬೇರೆಯೇ ಇಟ್ಟುಕೊಳ್ಳಿ.

"ತಿಂಗಳಾಯಿತು, ಇನ್ನೂ ಬಕೆಟಿನಲ್ಲೇ ಇದೆ"

ಇದು ತಾಳ್ಮೆಯಲ್ಲ, ಸೋಮಾರಿತನ, ನನಗೂ ಇದೆ. ಏಲ್ ಒಂದು ತಿಂಗಳು ಯೀಸ್ಟಿನ ಮೇಲಿದ್ದರೆ ಏನೂ ಆಗುವುದಿಲ್ಲ. ಮೂರ್ನಾಲ್ಕು ತಿಂಗಳು ಬೆಚ್ಚಗೆ ಇದ್ದರೆ ಸತ್ತ ಯೀಸ್ಟ್ ಒಡೆದು ಸೋಯಾ ಸಾಸಿನ, ರಬ್ಬರಿನ ವಾಸನೆ ಬರಬಹುದು. ಮೊದಲು ಏರ್‌ಲಾಕ್ ನೋಡಿ: ನೀರು ಆರಿಹೋಗಿದ್ದರೆ ಗಾಳಿ ಒಳಗೆ ಹೋಗಿರುತ್ತದೆ. ಆರಿಲ್ಲದಿದ್ದರೆ ಸ್ಯಾಂಪಲ್ ತೆಗೆದು ಕುಡಿದು ನೋಡಿ, ಚೆನ್ನಾಗಿದ್ದರೆ ಇವತ್ತೇ ತುಂಬಿಸಿ. ಮೇಲಿನ ಯೀಸ್ಟ್ ಬಹುಪಾಲು ತಳಕ್ಕೆ ಇಳಿದಿರುವುದರಿಂದ ಸಕ್ಕರೆಯ ಜೊತೆ ಎರಡು ಗ್ರಾಂ ಹೊಸ ಯೀಸ್ಟೂ ಹಾಕಿ. ಹಾಪ್ಸ್ ಜಾಸ್ತಿಯ ಐಪಿಎ ಆದರೆ ಪರಿಮಳ ಆಗಲೇ ಇಳಿಯತೊಡಗಿರುತ್ತದೆ. ಅದನ್ನು ಬಾಟಲಿಯಲ್ಲಿ ಗ್ಯಾಸ್ ಕೂತ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಗೆಳೆಯರಿಗೆ ಫೋನ್ ಮಾಡಿ.